ಆರು ಕಾರು, ಎರಡು ರಾತ್ರಿ, ಹದಿನೈದು ಸಾವಿರ

ಪ್ರಶ್ನೆ: ನಾವು ಆರು ಮಂದಿ ಸ್ನೇಹಿತರು. ಎಲ್ಲರದ್ದೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಕಾರು. ಒಂದು ಪೋರ್ಷೆ ಬಾಕ್ಸ್‌ಸ್ಟರ್, ಒಂದು ಆಡಿ ಟಿಟಿ, ಎರಡು ಆಕ್ಟೇವಿಯಾ ವಿಆರ್‌ಎಸ್, ಒಂದು ಮಿನಿ ಕೂಪರ್ ಎಸ್, ಒಂದು ಪೋಲೊ ಜಿಟಿಐ. ಕಾರು ಕೊಳ್ಳುವುದಕ್ಕೇ ಉಳಿತಾಯವೆಲ್ಲ ಹೋಗಿದೆ, ಸಾಲದ ಕಂತು ಇನ್ನೂ ನಡೆಯುತ್ತಿದೆ. ಎರಡು ರಾತ್ರಿ ಎಲ್ಲಿಗಾದರೂ ಒಟ್ಟಿಗೆ ಹೋಗಿಬರೋಣ ಎಂದು ವರ್ಷದಿಂದ ಮಾತಾಡುತ್ತಿದ್ದೇವೆ. ರೆಸಾರ್ಟಿನ ದರ ಕೇಳಿದ ಕೂಡಲೇ ಇಬ್ಬರು ಹಿಂದೆ ಸರಿಯುತ್ತಾರೆ. ಇಬ್ಬರು ಕೂತ ಒಂದು ಕಾರಿಗೆ ಹದಿನೈದು ಸಾವಿರದೊಳಗೆ ಮುಗಿಸಬಹುದೇ?
(ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು)

ಉತ್ತರ: ಮುಗಿಸಬಹುದು. ನೀವು ಲೆಕ್ಕವನ್ನು ರೆಸಾರ್ಟಿನಿಂದ ಶುರು ಮಾಡುತ್ತಿದ್ದೀರಿ, ಅದಕ್ಕೇ ಪ್ರತಿ ಸಲ ಮುರಿದುಬೀಳುತ್ತಿದೆ. ಇಂಥ ಪ್ರವಾಸದಲ್ಲಿ ಮೊದಲು ಗೊತ್ತು ಮಾಡಬೇಕಾದ್ದು ಕಿಲೋಮೀಟರು. ಊರು ಆಮೇಲೆ, ಕೋಣೆ ಕೊನೆಗೆ.

ಹೆದ್ದಾರಿ, ಏರುರಸ್ತೆ, ಊರೊಳಗಿನ ಟ್ರಾಫಿಕ್ ಎಲ್ಲ ಸೇರಿ ನಿಮ್ಮ ಕಾರುಗಳು ಲೀಟರಿಗೆ ಹತ್ತು ಕಿ.ಮೀ. ಕೊಡುತ್ತವೆ ಎಂದಿಟ್ಟುಕೊಳ್ಳಿ. ಪೆಟ್ರೋಲನ್ನು ಲೀಟರಿಗೆ ₹105ರಂತೆ ಹಿಡಿಯೋಣ. ಹೋಗಿಬರಲು 550 ಕಿ.ಮೀ. ಆದರೆ ಸುಮಾರು ₹5,800 ಆಗುತ್ತದೆ. ಅದೇ ಗೋವಾ ಎಂದು ಹೊರಟರೆ ಅಲ್ಲಿ ಸುತ್ತುವುದೂ ಸೇರಿ 1,200 ಕಿ.ಮೀ. ದಾಟುತ್ತದೆ, ಪೆಟ್ರೋಲೇ ₹12,600 ನುಂಗುತ್ತದೆ. ಉಳಿದ ಎರಡೂ ಚಿಲ್ಲರೆ ಸಾವಿರದಲ್ಲಿ ಎರಡು ರಾತ್ರಿ ಮಲಗಿ ಉಣ್ಣುವುದು ಆಗದ ಮಾತು. ಬಜೆಟ್ ಗಟ್ಟಿಯಾಗಿ ನಿಲ್ಲಬೇಕಾದರೆ ಒಂದು ದಿಕ್ಕಿಗೆ 250 ಕಿ.ಮೀ. ಒಳಗಿರಲಿ.

ನಿಮ್ಮ ಆರು ಕಾರಿಗೆ ನಾನು ಆರಿಸುವುದು ಚಿಕ್ಕಮಗಳೂರು ಪಟ್ಟಣ. ಒತ್ತಿ ಹೇಳುತ್ತೇನೆ, ಪಟ್ಟಣ. ತೋಟದೊಳಗಿನ ಹೋಂಸ್ಟೇ ಬೇಡ. ಫೋಟೊದಲ್ಲಿ ಚೆಂದ ಕಾಣುವ ಹೋಂಸ್ಟೇಗೆ ಕೊನೆಯ ಒಂದೆರಡು ಕಿ.ಮೀ. ಜೀಪಿನ ದಾರಿ ಇರುತ್ತದೆ. ನಡುವೆ ಎದ್ದ ದಿಣ್ಣೆ, ಎರಡು ಬದಿ ಗಾಲಿ ಜಾಡು. ಬಾಕ್ಸ್‌ಸ್ಟರ್ ಅಲ್ಲಿ ಹೊಟ್ಟೆಯ ಮೇಲೆ ಕೂರುತ್ತದೆ. ಕೋಣೆ ಗೊತ್ತು ಮಾಡುವ ಮುನ್ನ ಮಾಲೀಕರಿಗೆ ಫೋನ್ ಮಾಡಿ, ಗೇಟಿನಿಂದ ಅಂಗಳದವರೆಗಿನ ದಾರಿಯ ವಿಡಿಯೊ ಕಳಿಸಿ ಎಂದು ಕೇಳಿ. ಕಳಿಸದಿದ್ದರೆ ಆ ಜಾಗ ನಿಮಗಲ್ಲ.

ನೆಲಮಂಗಲದಿಂದ ಹಾಸನದವರೆಗೆ ನಾಲ್ಕು ಪಥದ ಎನ್‌ಎಚ್ 75, ಅಲ್ಲಿಂದ ಬೇಲೂರಿನ ಮೇಲೆ ಚಿಕ್ಕಮಗಳೂರು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮೊದಲ ಎರಡು ನಿಮ್ಮ ಹಾದಿಯ ಆಸುಪಾಸಿನಲ್ಲೇ ಇವೆ. ನೋಡಿಕೊಂಡೇ ಹೋಗಿ. ಮುಳ್ಳಯ್ಯನಗಿರಿಗೆ ಮಾತ್ರ ಈ ಕಾರುಗಳಲ್ಲಿ ಹತ್ತಬೇಡಿ. ಕೊನೆಯ ಏರು ಇಕ್ಕಟ್ಟು, ಎದುರಿನಿಂದ ಜೀಪು ಬಂದರೆ ಹಿಂದಕ್ಕೆ ಸರಿಯಲೂ ಜಾಗವಿರದು. ಪಟ್ಟಣದಿಂದ ಬಾಡಿಗೆ ಜೀಪು ಹಿಡಿದು ಹಂಚಿಕೊಳ್ಳಿ.

ಭಾನುವಾರ ಬೆಳಗಿನ ಜಾವ ಹೊರಟು ಮಂಗಳವಾರ ಮಧ್ಯಾಹ್ನ ಹಿಂದಿರುಗಿ. ಎರಡು ದಿನ ರಜೆ ಹಾಕಬೇಕಾಗುತ್ತದೆ ನಿಜ, ಆದರೆ ಭಾನುವಾರ ಮತ್ತು ಸೋಮವಾರ ರಾತ್ರಿ ಕೋಣೆಗಳು ಖಾಲಿ ಇರುತ್ತವೆ, ದರದಲ್ಲಿ ಚೌಕಾಶಿಗೆ ಜಾಗ ಸಿಗುತ್ತದೆ. ವಾರಾಂತ್ಯದ ಜನಸಾಗರ ಬೆಂಗಳೂರಿಗೆ ಮರಳುವ ಹೊತ್ತಿಗೆ ನೀವು ಎದುರು ದಿಕ್ಕಿನಲ್ಲಿರುತ್ತೀರಿ. ಕಾರಿಗೊಂದು ಕೋಣೆ, ರಾತ್ರಿಗೆ ₹2,500ರೊಳಗೆ ಹುಡುಕಿ. ಎರಡು ರಾತ್ರಿಗೆ ₹5,000 ಆಯಿತು. ಹೋಟೆಲಿನಲ್ಲಿ ಇಡ್ಲಿ, ದೋಸೆ, ಊಟ ಎಂದು ತಲೆಗೆ ದಿನಕ್ಕೆ ₹500 ಹಿಡಿದರೆ ಮೂರು ದಿನಕ್ಕೆ ಇಬ್ಬರಿಗೆ ₹3,000. ಪೆಟ್ರೋಲ್ ಸೇರಿ ₹13,800. ಉಳಿದ ₹1,200ರಲ್ಲಿ ಟೋಲ್, ಪಾರ್ಕಿಂಗ್, ಸಾಮಾನ್ಯ ಖರ್ಚು. ವರ್ಷಪೂರ್ತಿ ಹೆದ್ದಾರಿ ಹಿಡಿಯುವವರಾದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸುವುದು ಲಾಭ. 2025ರ ಆಗಸ್ಟ್ 15ರಂದು ಅದು ಬಂದಾಗ ಖಾಸಗಿ ಕಾರಿಗೆ ₹3,000 ಕಟ್ಟಿದರೆ ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅಲ್ಲಿಯವರೆಗೆ ಎಂಬ ಲೆಕ್ಕವಿತ್ತು. ರಾಜ್ಯ ಹೆದ್ದಾರಿಯ ಟೋಲ್‌ಗಳಿಗೆ ಅದು ನಡೆಯುವುದಿಲ್ಲ.

ಎಲ್ಲಿ ಉಳಿಸಬಾರದು ಎಂಬುದನ್ನು ಇಷ್ಟೇ ಸ್ಪಷ್ಟವಾಗಿ ಹೇಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದ ಟೈರ್ ಎಂದರ್ಥ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಓಡಿರುವುದು ಕಡಿಮೆ, ಹೀಗಾಗಿ ಟೈರಿನ ಗೀರು ಹೊಸದರಂತೆ ಆಳವಾಗಿ ಕಾಣುತ್ತದೆ. ಒಳಗೆ ರಬ್ಬರ್ ಮಾತ್ರ ವಯಸ್ಸಾಗಿ ಗಡುಸಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಆರೂ ಜನ ಒಂದು ಸಂಜೆ ಸೇರಿ, ಟಾರ್ಚ್ ಹಿಡಿದು ಇಪ್ಪತ್ತನಾಲ್ಕು ಟೈರುಗಳ ಆ ಸಂಖ್ಯೆ ಬರೆದುಕೊಳ್ಳಿ. ಆರೇಳು ವರ್ಷ ದಾಟಿದ ಟೈರ್ ಕಂಡರೆ ಆ ಕಾರಿನವರ ಪ್ರವಾಸದ ಹಣ ಈ ಸಲ ಟೈರಿಗೆ ಹೋಗಲಿ. ಅವರು ಇನ್ನೊಬ್ಬರ ಕಾರಿನಲ್ಲಿ ಕೂತು ಬರಲಿ. ಬ್ರೇಕ್ ಆಯಿಲ್ ಕೂಡ ಹಾಗೆಯೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಬದಲಿಸಿ ಎರಡು ವರ್ಷವಾಗಿದ್ದರೆ ಹೊರಡುವ ಮುನ್ನ ಬದಲಿಸಿ.

ಪೆಟ್ರೋಲ್ ಮುಚ್ಚಳದ ಒಳಗೆ 95 ಆಕ್ಟೇನ್ ಎಂದು ಬರೆದಿದ್ದರೆ ಅದನ್ನೇ ಹಾಕಿಸಿ. ಮಲೆನಾಡಿನ ಎಲ್ಲ ಬಂಕಿನಲ್ಲೂ ಅದು ಸಿಗುತ್ತದೆ ಎಂಬ ಭರವಸೆ ಬೇಡ. ಹಾಸನದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ಪ್ರಶ್ನೆ: ನನ್ನದು ಹಳೆಯ ಬಿಎಂಡಬ್ಲ್ಯು ಝಡ್4. ನಮ್ಮ ಊರಿನಿಂದ ಎಲ್ಲಿಗೆ ಹೊರಟರೂ ಘಾಟಿ ಹತ್ತಲೇಬೇಕು. ನಾಲ್ಕು ಕಾರಿನ ಗುಂಪಿಗೆ ಯಾವ ಘಾಟಿ ಒಳ್ಳೆಯದು? ಹಂಪ್ ಬಂದರೆ ಜೀವ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.
(ಓದುಗರು, ಕದ್ರಿ, ಮಂಗಳೂರು)

ಉತ್ತರ: ಮೇಡಂ, ಮೊದಲ ಸಲಕ್ಕೆ ಸಂಪಾಜೆ. ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಹತ್ತುವ ಈ ದಾರಿಯ ತಿರುವುಗಳು ಒಂದಕ್ಕೊಂದು ಹೊಂದಿಕೊಂಡಿವೆ, ಏರು ಹಠಾತ್ತನೆ ಕಡಿದಾಗುವುದಿಲ್ಲ. ಶಿರಾಡಿಯಲ್ಲಿ ಟ್ಯಾಂಕರ್ ಮತ್ತು ಲಾರಿಗಳ ಸಾಲು. ಕೆಳಗೆ ಕೂತ ಝಡ್4 ಲಾರಿ ಚಾಲಕನ ಕನ್ನಡಿಗೆ ಕಾಣುವುದೇ ಇಲ್ಲ ಎಂಬುದನ್ನು ಸದಾ ನೆನಪಿಡಿ. ಚಾರ್ಮಾಡಿ ನೋಡಲು ಅದ್ಭುತ, ಆದರೆ ಕಿರಿದು. ಕೊಟ್ಟಿಗೆಹಾರದ ಹತ್ತಿರ ಮಂಜು ಕವಿದರೆ ಮುಂದಿನ ಕಾರಿನ ಕೆಂಪು ದೀಪವೂ ಕಾಣದು. ಆಗುಂಬೆಯದು ಹದಿನಾಲ್ಕು ಹೇರ್‌ಪಿನ್ ತಿರುವು. ಅಲ್ಲಿ ತಿರುವಿನ ಒಳಅಂಚು ಬಹಳ ಕಡಿದು, ಅದಕ್ಕೆ ಒತ್ತಿ ತಿರುಗಿಸಿದರೆ ಬಂಪರಿನ ತುಟಿ ನೆಲಕ್ಕೆ ಉಜ್ಜುತ್ತದೆ. ಮೊದಲು ಹಾರ್ನ್ ಹಾಕಿ, ಎದುರು ವಾಹನವಿಲ್ಲವೆಂದು ಖಚಿತವಾದ ಮೇಲೆ ಸ್ವಲ್ಪ ಅಗಲವಾಗಿ ತಿರುಗಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾವುದೂ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ, 2019ರಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದ್ದನ್ನು ಕರಾವಳಿಯವರಿಗೆ ಬೇರೆ ಹೇಳಬೇಕಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಇಕ್ಕಟ್ಟಾದ ಕಡೆ ಏರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಇಳಿಯುವಾಗ ನೀವೇ ನಿಂತು ದಾರಿ ಕೊಡಿ.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದಂತೆ ಕಟ್ಟಿದ ಹಂಪ್ ಹತ್ತು ಸೆಂ.ಮೀ. ಎತ್ತರ, 3.7 ಮೀ. ಅಗಲ ಇರುತ್ತದೆ. ಅದನ್ನು ನಿಮ್ಮ ಕಾರು ನಿಧಾನಕ್ಕೆ ದಾಟುತ್ತದೆ. ತೊಂದರೆ ಕೊಡುವುದು ಊರಿನ ಬಾಗಿಲಲ್ಲಿ ಮಾನದಂಡ ಬಿಟ್ಟು ಹಾಕಿದ, ಕಿರಿದಾಗಿ ಚೂಪಾಗಿ ಎದ್ದ ಹಂಪ್. ಅಲ್ಲಿ ಪಕ್ಕದಲ್ಲಿ ಕೂತವರು ಇಳಿಯಲಿ. ಅಷ್ಟರಿಂದಲೇ ಕಾರು ಸ್ವಲ್ಪ ಮೇಲೇಳುತ್ತದೆ. ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಇಳಿದವರು ಸನ್ನೆ ಮಾಡಿದ ಮೇಲೆ ಕಾರನ್ನು ಓರೆ ಮಾಡಿ ಒಂದೊಂದೇ ಗಾಲಿ ಹತ್ತಿಸಿ. ಬ್ರೇಕ್ ಒತ್ತಿಕೊಂಡು ಹಂಪ್ ಹತ್ತಬೇಡಿ, ಬ್ರೇಕ್ ಹಿಡಿದಾಗ ಮೂತಿ ತಗ್ಗುತ್ತದೆ. ಹತ್ತುವ ಮೊದಲೇ ಬ್ರೇಕ್ ಬಿಟ್ಟಿರಿ. ಒಂದು ಕಾರು ಪೂರ್ತಿ ದಾಟುವವರೆಗೆ ಹಿಂದಿನದು ಹತ್ತಿರ ಬರುವುದು ಬೇಡ, ಮುಂದಿನವರು ಹಿಂದಕ್ಕೆ ಬರಬೇಕಾದೀತು.

ಪ್ರಶ್ನೆ: ಕಳೆದ ಸಲದ ಪ್ರವಾಸದ ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ. ಒಬ್ಬರು ಒಂಟಿಯಾಗಿ ಬಂದರು, ಒಬ್ಬರು ಹೆಂಡತಿ ಮಗುವಿನ ಜತೆ. ಎಲ್ಲವನ್ನೂ ಸಮ ಹಂಚಿದ್ದೇ ತಪ್ಪಾಯಿತು. ಈ ಸಲ ಖರ್ಚು ಇಳಿಸಲು ಖಾಲಿ ಸೀಟಿಗೆ ತಲಾ ಎರಡು ಸಾವಿರ ಪಡೆದು ಬೇರೆಯವರನ್ನು ಕರೆದೊಯ್ಯೋಣ ಎನ್ನುತ್ತಿದ್ದಾರೆ. ಸರಿಯೇ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಸೀಟಿಗೆ ದುಡ್ಡು ಪಡೆಯುವ ಯೋಚನೆಯನ್ನು ಇಂದೇ ಕೈಬಿಡಿ. ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸುವುದಕ್ಕೆ ಪರ್ಮಿಟ್ ಇರುವುದಿಲ್ಲ. ಖಾಸಗಿ ಕಾರಿನ ವಿಮೆ ಪತ್ರ ತೆಗೆದು ಬಳಕೆಯ ಮಿತಿ ಎಂಬ ಭಾಗ ಓದಿ. ಬಾಡಿಗೆಗೆ ಓಡಿಸಿದರೆ ವಿಮೆ ಅನ್ವಯಿಸದು ಎಂದು ಅಲ್ಲೇ ಇದೆ. ಎರಡು ಸಾವಿರಕ್ಕಾಗಿ ಮೂವತ್ತು ಲಕ್ಷದ ಕಾರನ್ನೂ, ನಿಮ್ಮನ್ನು ನಂಬಿ ಕೂತವರ ಪರಿಹಾರವನ್ನೂ ಪಣಕ್ಕಿಡಬೇಡಿ. ಸ್ನೇಹಿತರು ಪೆಟ್ರೋಲ್ ಹಂಚಿಕೊಳ್ಳುವುದು ಬೇರೆ ಮಾತು.

ಹಂಚಿಕೆಗೆ ನಾನು ಎಲ್ಲರಿಗೂ ಹೇಳುವ ಕ್ರಮ ಇದು. ಪೆಟ್ರೋಲ್, ಟೋಲ್ ಅವರವರದು. ಊಟ ತಲೆಯ ಲೆಕ್ಕ, ಆರು ವರ್ಷದೊಳಗಿನ ಮಗುವನ್ನು ಬಿಟ್ಟುಬಿಡಿ. ಕೋಣೆಗೆ ಕೋಣೆಯ ಲೆಕ್ಕ. ಒಂಟಿಯಾಗಿ ಬಂದವರು ಇಬ್ಬರು ಸೇರಿ ಒಂದು ಕೋಣೆ ಹಿಡಿಯಲಿ, ಒಬ್ಬರೇ ಬೇಕೆಂದರೆ ಪೂರ್ತಿ ಕೊಡಲಿ. ಗಾಳಿ ತುಂಬುವ ಪಂಪು, ಪಂಕ್ಚರ್ ಕಿಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇಂಥವು ಕಾರಿನ ಲೆಕ್ಕ. ಹೊರಡುವ ವಾರ ಮೊದಲೇ ಪ್ರತಿಯೊಬ್ಬರೂ ಒಬ್ಬರ ಕೈಗೆ ಮುಂಗಡ ಕೊಟ್ಟಿರಬೇಕು. ಮುಂಗಡ ಕೊಡದವರ ಹೆಸರಿನಲ್ಲಿ ಕೋಣೆ ಹಿಡಿಯಬಾರದು. ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಎಂದವರ ಕೋಣೆ ಬಾಡಿಗೆ ವಾಪಸಿಲ್ಲ ಎಂಬುದನ್ನು ಮೊದಲೇ ಬರೆದು ಗುಂಪಿಗೆ ಹಾಕಿ. ಕಾರಿಗೆ ಆದ ಹಾನಿ ಆ ಕಾರಿನ ಒಡೆಯರದು. ಇದೊಂದನ್ನು ಹೇಳಲು ಎಲ್ಲರಿಗೂ ಸಂಕೋಚ, ಆದರೆ ಹೇಳದೇ ಹೊರಟ ಗುಂಪುಗಳಲ್ಲೇ ಮಾತು ನಿಂತುಹೋಗುವುದು. ಕಳೆದ ಸಲದ ಬಾಕಿಯನ್ನು ಇದೇ ಕ್ರಮದಲ್ಲಿ ಮತ್ತೆ ಲೆಕ್ಕಹಾಕಿ, ಹೊರಡುವ ಮೊದಲೇ ತೀರಿಸಿ.

ಪ್ರಶ್ನೆ: ಊರು ದಾವಣಗೆರೆ, ಈಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ. ಹಳೆಯ ಮಜ್ದಾ ಮಿಯಾಟಾ ಕೊಂಡಿದ್ದೇನೆ. ಇದೇ ಕಾರಿರುವ ಇನ್ನೂ ನಾಲ್ವರು ಸಿಕ್ಕಿದ್ದಾರೆ, ಇಬ್ಬರು ಕನ್ನಡಿಗರು. ಅಕ್ಟೋಬರ್‌ನಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಹೋಗುವ ಆಸೆ. ಹೋಟೆಲ್ ದರ ನೋಡಿ ಎದೆ ಒಡೆಯಿತು.
(ಓದುಗರು, ಷಾರ್ಲಟ್)

ಉತ್ತರ: ನಿಮ್ಮ ಆಯ್ಕೆ ನನಗೆ ತುಂಬ ಖುಷಿ ಕೊಟ್ಟಿತು. 1989ರಲ್ಲಿ ಬಂದ ಮಿಯಾಟಾ ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು. 2016ರಲ್ಲೇ ಅದರ ತಯಾರಿಕೆ ಹತ್ತು ಲಕ್ಷ ಮುಟ್ಟಿತು. ಸುಮಾರು ಒಂದು ಟನ್ ತೂಕದ ಕಾರಾದ್ದರಿಂದ ಟೈರ್, ಬ್ರೇಕ್, ಪೆಟ್ರೋಲ್ ಮೂರರಲ್ಲೂ ಖರ್ಚು ಕಡಿಮೆ. ಭಾರತದಲ್ಲಿ ಮಾರಿದ್ದರೆ ಇಲ್ಲಿನ ಎಷ್ಟೋ ಹುಡುಗರು ಕೈಮೀರಿದ ಸಾಲಕ್ಕೆ ಬೀಳುತ್ತಿರಲಿಲ್ಲ.

ಪಾರ್ಕ್‌ವೇ ಕೂಡ ಈ ಕಾರಿಗೆಂದೇ ಹಾಕಿದಂತಿದೆ. 1935ರಲ್ಲಿ ಕೆಲಸ ಶುರುವಾಯಿತು. ಗ್ರ್ಯಾಂಡ್‌ಫಾದರ್ ಬೆಟ್ಟದ ಮೈಗೆ ಅಂಟಿಕೊಂಡು ಹೋಗುವ ಲಿನ್ ಕೋವ್ ಸೇತುವೆ 1987ರಲ್ಲಿ ತೆರೆದಾಗ ರಸ್ತೆ ಪೂರ್ತಿಯಾಯಿತು. ಒಟ್ಟು 469 ಮೈಲಿ, ಅಂದರೆ 755 ಕಿ.ಮೀ. ಟೋಲ್ ಇಲ್ಲ, ಲಾರಿಗಳಿಗೆ ಪ್ರವೇಶವಿಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ, ಕೆಲವೆಡೆ ಇನ್ನೂ ಕಡಿಮೆ. ಮಿಯಾಟಾದಲ್ಲಿ ಟಾಪ್ ತೆರೆದು ಆ ವೇಗದಲ್ಲಿ ಒಂದರ ಹಿಂದೊಂದು ತಿರುವು ದಾಟುವಾಗ ಇನ್ನೇನೂ ಬೇಕೆನಿಸುವುದಿಲ್ಲ.

ಖರ್ಚು ಇಳಿಸಲು ಅಕ್ಟೋಬರ್ ಬಿಡಿ. ಎಲೆಗಳ ಬಣ್ಣ ನೋಡಲು ಬರುವ ಜನರಿಂದಲೇ ಆ ತಿಂಗಳ ಕೋಣೆ ದರ ಏರುವುದು. ಜೂನ್ ನಡುವಿನ ಒಂದು ವಾರದ ದಿನ ಹೋಗಿ. ಆಷ್‌ವಿಲ್ ಹತ್ತಿರದ ಕ್ರ್ಯಾಗಿ ಗಾರ್ಡನ್ಸ್‌ನಲ್ಲಿ ಆಗ ರೋಡೊಡೆಂಡ್ರನ್ ಗುಲಾಬಿ ನೇರಳೆಯಾಗಿ ಅರಳಿರುತ್ತದೆ. ಪಾರ್ಕ್‌ವೇಯಲ್ಲೇ ಕ್ಯಾಂಪ್‌ಗ್ರೌಂಡ್‌ಗಳಿವೆ, ಟೆಂಟ್ ಹಾಕಿದರೆ ಹೋಟೆಲ್ ಬಾಡಿಗೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ಮಿಯಾಟಾದ ಡಿಕ್ಕಿಯಲ್ಲಿ ಎರಡು ಬ್ಯಾಗ್ ಹಿಡಿದರೆ ಹೆಚ್ಚು. ಒಬ್ಬರು ಟೆಂಟುಗಳನ್ನು, ಒಬ್ಬರು ಒಲೆ ಪಾತ್ರೆಗಳನ್ನು, ಒಬ್ಬರು ದಿನಸಿಯನ್ನು ಹೊತ್ತರೆ ಐದು ಕಾರು ಸೇರಿ ಒಂದು ಅಡುಗೆಮನೆಯಾಗುತ್ತದೆ. ಚಿತ್ರಾನ್ನದ ಗೊಜ್ಜು ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬಿಕೊಳ್ಳಿ.

ಪಾರ್ಕ್‌ವೇಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಬೂನ್, ಆಷ್‌ವಿಲ್‌ನಂಥ ಊರಿಗೆ ಇಳಿದು ಹಾಕಿಸಿಕೊಳ್ಳಬೇಕು. ಅರ್ಧ ಟ್ಯಾಂಕ್ ಆದಾಗಲೇ ಐವರೂ ಒಟ್ಟಿಗೆ ಇಳಿಯಿರಿ. 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ಈ ರಸ್ತೆಯನ್ನು ಹಲವೆಡೆ ಕೊಚ್ಚಿಹಾಕಿತು. ಯಾವ ಭಾಗ ತೆರೆದಿದೆ ಎಂಬುದನ್ನು ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರಕಟಿಸುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಮೌಂಟ್ ಮಿಚೆಲ್ ಶಿಖರಕ್ಕೆ ಪಾರ್ಕ್‌ವೇಯಿಂದಲೇ ಕವಲು ರಸ್ತೆ ಇದೆ. 2,037 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ನೂರು ಮೀಟರ್ ಎತ್ತರ. ಅಲ್ಲಿಗೆ ನಿಮ್ಮ ಕಾರು ನಿರಾಯಾಸವಾಗಿ ಹತ್ತುತ್ತದೆ.

ಗುಂಪಿನಲ್ಲಿ ಯಾರಾದರೂ ಟೇಲ್ ಆಫ್ ದಿ ಡ್ರ್ಯಾಗನ್‌ಗೆ ಹೋಗೋಣ ಎನ್ನುತ್ತಾರೆ. ಹನ್ನೊಂದು ಮೈಲಿಯಲ್ಲಿ 318 ತಿರುವು ಎಂದು ಹೆಸರಾದ ರಸ್ತೆ. ವಾರದ ದಿನ ಬೆಳಿಗ್ಗೆ ಹೋಗಿ, ಹಳದಿ ಗೆರೆ ದಾಟಬೇಡಿ. ಅಲ್ಲಿ ಎದುರಿನಿಂದ ಬರುವ ಮೋಟಾರ್‌ಸೈಕಲ್‌ಗೆ ನಿಮ್ಮ ಸಣ್ಣ ತಪ್ಪೂ ದೊಡ್ಡದು.

ಪ್ರಶ್ನೆ: ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ಓಡಿಸಿ ರೀಲ್ಸ್ ಮಾಡಿದರೆ ಏನು ತೊಂದರೆ? ಕಾರು ಇರುವುದೇ ಅದಕ್ಕಲ್ಲವೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಬೆಳಗಿನ ಜಾವದ ರಸ್ತೆ ಖಾಲಿ ಇರುವುದಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್, ಹೊಲಕ್ಕೆ ಹೊರಟ ಎತ್ತಿನಗಾಡಿ, ವಾಕಿಂಗ್ ಬಂದ ಹಿರಿಯರು ಇರುತ್ತಾರೆ. ಅವರಲ್ಲಿ ಹಲವರಿಗೆ ಹೆಡ್‌ಲೈಟ್ ಇರುವುದಿಲ್ಲ, ನಿಮ್ಮ ವೇಗದ ಅಂದಾಜೂ ಸಿಗುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ ₹5,000ವರೆಗೆ ದಂಡ, ಇಲ್ಲವೇ ಎರಡೂ. 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದ ಪೊಲೀಸರು ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ತಂದರು. ರೀಲ್ಸ್ ಎಂದರೆ ನೀವೇ ಸಾಕ್ಷ್ಯ ಬರೆದುಕೊಟ್ಟಂತೆ.

ವೇಗದ ಆಸೆ ತಪ್ಪಲ್ಲ, ಅದಕ್ಕೆ ಜಾಗವಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳಲ್ಲಿ ಸ್ವಂತ ಕಾರು ಓಡಿಸುವ ಟ್ರ್ಯಾಕ್ ದಿನಗಳು ನಡೆಯುತ್ತವೆ. ಅಲ್ಲಾದ ಹಾನಿಗೆ ಸಾಮಾನ್ಯ ವಿಮೆ ನಡೆಯದು, ಅದನ್ನು ತಿಳಿದೇ ಹೋಗಿ. ಹುಬ್ಬಳ್ಳಿಯಿಂದ ದೂರ ಎನ್ನುತ್ತೀರಿ. ದೂರವೇ, ಆದರೂ ಅಲ್ಲಿಗೇ ಹೋಗಿ.

ಪ್ರಶ್ನೆ: ಹತ್ತು ಕಾರು ಒಟ್ಟಿಗೆ ಹೋಗುವಾಗ ತಪ್ಪಿಸಿಕೊಳ್ಳದಿರಲು ಏನು ಮಾಡಬೇಕು? ದಾರಿಯಲ್ಲಿ ಕೆಟ್ಟರೆ?
(ಓದುಗರು, ತುಮಕೂರು)

ಉತ್ತರ: ಹತ್ತನ್ನು ಐದೈದರ ಎರಡು ಗುಂಪು ಮಾಡಿ, ಇಪ್ಪತ್ತು ನಿಮಿಷದ ಅಂತರದಲ್ಲಿ ಬಿಡಿ. ಹತ್ತು ಕಾರಿನ ಸಾಲನ್ನು ಓವರ್‌ಟೇಕ್ ಮಾಡಲಾಗದೆ ಉಳಿದವರು ಪರದಾಡುತ್ತಾರೆ, ಬಂಕಿನಲ್ಲೂ ಹೋಟೆಲಿನಲ್ಲೂ ಒಮ್ಮೆಗೇ ಜಾಗ ಸಿಗುವುದಿಲ್ಲ. ಮುಂದಿನ ಕಾರನ್ನು ಹಿಂಬಾಲಿಸುವ ಹಠ ಬೇಡ. ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ಹಿಂದಿನ ಕಾರಿಗೆ ಜವಾಬ್ದಾರರು. ತಿರುಗುವ ಸರ್ಕಲ್‌ನಲ್ಲಿ ಹಿಂದಿನ ಕಾರು ಕಣ್ಣಿಗೆ ಬೀಳುವವರೆಗೆ ಎಡಕ್ಕೆ ನಿಂತು ಕಾಯಬೇಕು. ಈ ಒಂದು ನಿಯಮವಿದ್ದರೆ ಯಾರೂ ಅಟ್ಟಿಸಿಕೊಂಡು ಓಡಿಸಬೇಕಾಗಿಲ್ಲ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ಎತ್ತ ತಿರುಗುತ್ತೀರಿ ಎಂಬುದು ಆಗ ಯಾರಿಗೂ ತಿಳಿಯದು. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ವಾಕಿಟಾಕಿ ಕೊಳ್ಳುವುದಾದರೆ ಲೈಸೆನ್ಸ್ ಬೇಕಿಲ್ಲದ 446.0ರಿಂದ 446.2 ಮೆಗಾಹರ್ಟ್ಸ್‌ನದ್ದನ್ನೇ ಕೇಳಿ ಕೊಳ್ಳಿ.

ಇಂಥ ಬಹುಪಾಲು ಕಾರುಗಳಲ್ಲಿ ಪೂರ್ತಿ ಗಾತ್ರದ ಸ್ಟೆಪ್ನಿ ಇರುವುದಿಲ್ಲ. ಟೈರಿನ ತಳಕ್ಕೆ ಮೊಳೆ ಚುಚ್ಚಿದರೆ ಪಂಕ್ಚರ್ ಕಿಟ್ ಸಾಕು, ಪಕ್ಕ ಹರಿದರೆ ಟೋಯಿಂಗ್ ಒಂದೇ ದಾರಿ. ಗಾಲಿ ಎತ್ತಿ ಎಳೆಯುವ ಗಾಡಿ ಬೇಡ, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕೆಂದು ಫೋನಿನಲ್ಲೇ ಹೇಳಿ. ಅದಕ್ಕೆ ಹತ್ತಿಸಲು ಕೊಕ್ಕೆ ಬೇಕು. ಬಂಪರಿನಲ್ಲಿ ಅಂಗೈಯಗಲದ ಒಂದು ಪುಟ್ಟ ಮುಚ್ಚಳವಿದೆ, ಅಂಚು ಒತ್ತಿದರೆ ಕಳಚುತ್ತದೆ, ಒಳಗೆ ತಿರುಪಿನ ತೂತು. ಕೊಕ್ಕೆ ಡಿಕ್ಕಿಯ ಟೂಲ್ ಚೀಲದಲ್ಲಿ ಇರಬೇಕು. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಬಹಳ ಸಲ ಕಳೆದುಹೋಗಿರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ರಾತ್ರಿ ಮಳೆಯಲ್ಲಿ ಇದು ಗೊತ್ತಿಲ್ಲದೆ ತೂತಿನ ಎಳೆ ಹಾಳು ಮಾಡಿಕೊಂಡವರಿದ್ದಾರೆ. ಮನೆಯ ಅಂಗಳದಲ್ಲಿ ಒಮ್ಮೆ ಹಾಕಿ ತೆಗೆದು ನೋಡಿ.

ಪ್ರಶ್ನೆ: ಗೆಳೆಯರದ್ದೆಲ್ಲ ಸ್ಪೋರ್ಟ್ಸ್ ಕಾರು, ನನ್ನದು ಹಳೆಯ ಇನ್ನೋವಾ. ನಾನೂ ಅವರ ಜತೆ ಬರಬಹುದೇ ಎಂದು ಕೇಳಲು ನಾಚಿಕೆ.
(ಓದುಗರು, ಶಿವಮೊಗ್ಗ)

ಉತ್ತರ: ನಾಚಿಕೆ ಏಕೆ ಸರ್, ನಿಮ್ಮನ್ನು ಅವರೇ ಹುಡುಕಿಕೊಂಡು ಬರಬೇಕು. ಸಾಲಿನ ಕೊನೆಗೆ ನಿಮ್ಮ ಇನ್ನೋವಾ ಇರಲಿ. ಎಲ್ಲರ ದೊಡ್ಡ ಬ್ಯಾಗು, ಗಾಳಿ ಪಂಪು, ಜಾಕ್, ನೀರಿನ ಕ್ಯಾನು ಅದರಲ್ಲಿ. ಕಾರೊಂದು ಕೆಟ್ಟು ನಿಂತರೆ ಅದರಲ್ಲಿದ್ದ ಇಬ್ಬರಿಗೆ ಸೀಟೂ ಇರುತ್ತದೆ. ತೋಟದ ಹೋಂಸ್ಟೇಯ ಕಚ್ಚಾ ದಾರಿಯಲ್ಲಿ ಉಳಿದವರ ಕಾರು ಗೇಟಿನ ಬಳಿ ನಿಂತರೆ ಒಳಗೆ ಕರೆದೊಯ್ಯುವುದೂ ನೀವೇ. ನಿಮ್ಮ ಡೀಸೆಲ್ ಖರ್ಚನ್ನು ಗುಂಪಿನ ಸಾಮಾನ್ಯ ಲೆಕ್ಕಕ್ಕೆ ಸೇರಿಸುವಂತೆ ಹೇಳಿ, ಅದು ನ್ಯಾಯ. ಇವತ್ತೇ ಫೋನ್ ಮಾಡಿ ಕೇಳಿ.